ಕೆಲಸ ಹೋದಾಗ ಸಿಗುವ ಹಣ ಗಡಿ ದಾಟುವುದೇ? ಕೊಲ್ಲಿ ದೇಶಗಳಿಂದ ಕದ್ರಾಕ್ಕೆ ಮರಳುವವರು ತಿಳಿದಿರಬೇಕಾದ ನಿಯಮಗಳು

ಕಾಳಿ ನದಿಯ ದಂಡೆಯಲ್ಲಿರುವ ಕದ್ರಾಕ್ಕೆ ಕೆಲಸ ಬಂದ ಬಗೆಯೂ ಅದು ಕರಗಿದ ಬಗೆಯೂ ನಮ್ಮ ಜಿಲ್ಲೆಯ ವ್ಯಾಪಾರಸ್ಥರಿಗೆ ಚೆನ್ನಾಗಿ ನೆನಪಿದೆ. ಕಾಳಿ ಜಲವಿದ್ಯುತ್ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಕದ್ರಾದಲ್ಲಿ 150 ಮೆಗಾವಾಟ್ ಹಾಗೂ ಕೊಡಸಳ್ಳಿಯಲ್ಲಿ 120 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಗಳನ್ನು ಕಟ್ಟಿತು. ಪಕ್ಕದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರದ ಮೊದಲೆರಡು ಘಟಕಗಳು 2000ನೇ ಇಸವಿಯಲ್ಲಿಯೂ, ಮೂರನೆಯದು 2007ರಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಕಟ್ಟುವಾಗ ಬೇಕಾಗುವ ಕೈಗಳು ಕಟ್ಟಿ ಮುಗಿದ ಮೇಲೆ ಬೇಕಾಗುವುದಿಲ್ಲ. ವೆಲ್ಡರ್, ಫಿಟರ್, ಕ್ರೇನ್ ಚಾಲಕ, ಸರಳು ಕಟ್ಟುವವ, ಪೈಪು ಜೋಡಿಸುವವ, ಹೀಗೆ ದೊಡ್ಡ ಕಾಮಗಾರಿಗಳಲ್ಲಿ ಪಳಗಿದ ಕೈಗಳು ಒಂದೊಂದು ಘಟಕ ಮುಗಿದಂತೆ ಬೇರೆಡೆ ಕೆಲಸ ಹುಡುಕಬೇಕಾಯಿತು. ಕೆಲವರು ಗಡಿಯಾಚೆಯ ಗೋವೆಗೆ, ಕೆಲವರು ಹಡಗಿಗೆ, ಕೆಲವರು ಕೊಲ್ಲಿ ದೇಶಗಳಿಗೆ ಹೋದರು.

ಹಾಗೆ ಹೋದವರು ಕಳುಹಿಸುವ ಹಣದಿಂದ ಕಾರವಾರ, ಅಂಕೋಲಾ, ಭಟ್ಕಳದ ಪೇಟೆಗಳಲ್ಲಿ ಬಟ್ಟೆ, ಬಂಗಾರ, ಸಿಮೆಂಟು, ಕಿರಾಣಿ ಸಾಮಾನುಗಳ ವ್ಯಾಪಾರ ನಡೆಯುತ್ತದೆ. ಹಣ ಬರುವುದು ನಿಂತರೆ ಮೊದಲು ಗೊತ್ತಾಗುವುದು ಅಂಗಡಿಯ ಉದ್ರಿ ಪುಸ್ತಕಕ್ಕೆ. ಆದುದರಿಂದ ಹೊರದೇಶದಲ್ಲಿ ಒಬ್ಬನ ಕೆಲಸ ಹೋದರೆ ಅದು ಅವನ ಮನೆಯ ಚಿಂತೆ ಮಾತ್ರವಾಗಿ ಉಳಿಯುವುದಿಲ್ಲ.

ಕೆಲಸ ಹೋದ ಸುದ್ದಿ ಮನೆಗೆ ತಲುಪಿದಾಗ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಅಲ್ಲಿ ಕೂತು ಏನು ಮಾಡ್ತೀಯಾ, ಬಂದುಬಿಡು." ಪ್ರೀತಿಯ ಮಾತು, ತಪ್ಪೇನಿಲ್ಲ. ಆದರೆ ವಿಮಾನ ಹತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕೆಲಸ ಕಳೆದುಕೊಂಡವನಿಗೆ ಆ ದೇಶದ ಕಾನೂನು ಏನಾದರೂ ಪರಿಹಾರ ಕೊಡುತ್ತದೆಯೇ? ಕೊಡುವುದಾದರೆ, ದೇಶ ಬಿಟ್ಟ ಮೇಲೆಯೂ ಅದು ದೊರೆಯುತ್ತದೆಯೇ? ಅದೇ ರೀತಿ ನಮ್ಮ ದೇಶದಲ್ಲಿ ಕೆಲಸ ಕಳೆದುಕೊಂಡು ಪರಿಹಾರ ಪಡೆಯುತ್ತಿರುವವನು ಹೊರದೇಶಕ್ಕೆ ಹೋದರೆ ಅವನ ಹಕ್ಕು ಏನಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ತಮ್ಮ ಪಾಲಿನ ಹಣವನ್ನು ಬಿಟ್ಟು ಬರುವ ಸಂಭವ ಹೆಚ್ಚು. ಈ ಲೇಖನದ ಉದ್ದೇಶ ಆ ನಿಯಮಗಳನ್ನು ಒಂದೆಡೆ ವಿವರಿಸುವುದು.

ಹಕ್ಕು ಗಡಿಯಲ್ಲಿ ಏಕೆ ನಿಲ್ಲುತ್ತದೆ?

ಕೆಲಸ ಹೋದಾಗ ಕೈಗೆ ಬರುವ ಹಣದಲ್ಲಿ ಎರಡು ಬಗೆ. ಮೊದಲನೆಯದು ದುಡಿದದ್ದರ ಬಾಕಿ: ಬಾಕಿ ವೇತನ, ಉಪದಾನ, ಭವಿಷ್ಯ ನಿಧಿ. ಇದು ಈಗಾಗಲೇ ಗಳಿಸಿದ ಹಣ. ಗಳಿಸಿದವನು ಎಲ್ಲಿದ್ದರೂ ಅದು ಅವನದೇ. ಎರಡನೆಯದು ವಿಮೆ, ಅಂದರೆ ಕೆಲಸವಿಲ್ಲದ ಅವಧಿಗೆ ಮಾತ್ರ ಸಿಗುವ ಭತ್ಯೆ. ಇದು ಒಂದು ಷರತ್ತಿನ ಮೇಲೆ ನಿಂತಿದೆ. ಪಡೆಯುವವನು ಕೆಲಸ ಮಾಡಲು ಶಕ್ತನಾಗಿರಬೇಕು, ಕೆಲಸ ಸಿಕ್ಕರೆ ಆ ಕ್ಷಣ ಹೋಗಲು ಸಿದ್ಧನಾಗಿರಬೇಕು, ಹುಡುಕುತ್ತಲೂ ಇರಬೇಕು. ಊರಲ್ಲಿ ಇಲ್ಲದವನು ಸಿದ್ಧನಿದ್ದಾನೆಂದು ನಂಬುವುದು ಹೇಗೆ ಎಂಬುದು ವಿಮಾ ಸಂಸ್ಥೆಯ ತರ್ಕ. ಉಳಿತಾಯ ಗಡಿ ದಾಟುತ್ತದೆ, ವಿಮೆ ಗಡಿಯಲ್ಲಿ ನಿಲ್ಲುತ್ತದೆ ಎಂಬ ಒಂದು ಸೂತ್ರವನ್ನು ನೆನಪಿಟ್ಟುಕೊಂಡರೆ ಮುಂದಿನ ನಿಯಮಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಈ ತರ್ಕಕ್ಕೆ ಅಂತರರಾಷ್ಟ್ರೀಯ ಮನ್ನಣೆಯೂ ಉಂಟು. ಸಾಮಾಜಿಕ ಭದ್ರತೆಯ ಕನಿಷ್ಠ ಮಾನದಂಡಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1952ರ 102ನೇ ಒಡಂಬಡಿಕೆಯ 69ನೇ ವಿಧಿಯು, ಫಲಾನುಭವಿ ದೇಶದಲ್ಲಿ ಇಲ್ಲದಿರುವಷ್ಟು ಕಾಲ ಸೌಲಭ್ಯವನ್ನು ತಡೆಹಿಡಿಯಬಹುದೆಂದು ಹೇಳುತ್ತದೆ. ನಿರುದ್ಯೋಗದ ವಿಷಯವಾಗಿಯೇ ರಚಿತವಾದ 1988ರ 168ನೇ ಒಡಂಬಡಿಕೆಯಲ್ಲಿಯೂ ಇದೇ ಅಂಶವಿದೆ.

ನಮ್ಮ ಕಾರ್ಖಾನೆದಾರರಿಗೆ ಇದು ಅಪರಿಚಿತ ತತ್ವವೇನಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆಯ 25-ಇ ಪ್ರಕರಣದ ಪ್ರಕಾರ, ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಲ್ಪಟ್ಟ ಕಾರ್ಮಿಕನು ದಿನಕ್ಕೆ ಒಮ್ಮೆಯಾದರೂ ನಿಗದಿತ ವೇಳೆಗೆ ಸಂಸ್ಥೆಗೆ ಬಂದು ಹಾಜರಿ ಹೇಳದಿದ್ದರೆ ಅರ್ಧ ವೇತನದ ಪರಿಹಾರಕ್ಕೆ ಅರ್ಹನಾಗುತ್ತಿರಲಿಲ್ಲ. ಆದರೆ ಅದೇ ಕಾಯಿದೆಯಡಿ ಕೆಲಸದಿಂದ ಶಾಶ್ವತವಾಗಿ ತೆಗೆದುಹಾಕಿದಾಗ, ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಸಿಗುತ್ತಿದ್ದ ಹಣಕ್ಕೆ ಹಾಜರಿಯ ಷರತ್ತು ಇರಲಿಲ್ಲ. ಒಂದು ಕಾಯುವವನಿಗೆ ಕೊಡುವ ಹಣ, ಇನ್ನೊಂದು ದುಡಿದವನಿಗೆ ಕೊಡುವ ಹಣ.

ಸಂಯುಕ್ತ ಅರಬ್ ಸಂಸ್ಥಾನದ ಹೊಸ ವಿಮೆ

ಕೊಲ್ಲಿ ದೇಶಗಳಲ್ಲಿ ನಿರುದ್ಯೋಗ ವಿಮೆ ಎಂಬುದು ಬಹುಕಾಲ ಆಯಾ ದೇಶದ ಪ್ರಜೆಗಳಿಗೆ ಮೀಸಲಾದ ವಿಷಯವಾಗಿತ್ತು. ಸೌದಿ ಅರೇಬಿಯದ 'ಸಾನೆದ್' ಯೋಜನೆ ಸೌದಿ ಪ್ರಜೆಗಳಿಗೆ ಮಾತ್ರ. ಬಹರೈನ್ 2006ರ ಕಾನೂನಿನ ಮೂಲಕ ವಿದೇಶೀ ಕಾರ್ಮಿಕರನ್ನೂ ವಿಮೆಯ ವ್ಯಾಪ್ತಿಗೆ ತಂದು ದಾರಿ ತೋರಿತು. ನಮ್ಮವರು ಹೆಚ್ಚಾಗಿ ದುಡಿಯುವ ಸಂಯುಕ್ತ ಅರಬ್ ಸಂಸ್ಥಾನವು 2022ರಲ್ಲಿ 13ನೇ ಸಂಖ್ಯೆಯ ಫೆಡರಲ್ ಆಜ್ಞಾಕಾನೂನನ್ನು ಹೊರಡಿಸಿ, 2023ರ ಜನವರಿ 1ರಿಂದ ನಿರುದ್ಯೋಗ ವಿಮೆಯನ್ನು ಜಾರಿಗೆ ತಂದಿತು. ಖಾಸಗಿ ವಲಯದವರೂ ಫೆಡರಲ್ ಸರಕಾರದ ನೌಕರರೂ, ಪ್ರಜೆಯಾಗಲಿ ಪರದೇಶಿಯಾಗಲಿ, ಕಡ್ಡಾಯವಾಗಿ ಇದಕ್ಕೆ ಸೇರಬೇಕು.

ಸದರಿ ಯೋಜನೆಯಲ್ಲಿ ಎರಡು ವರ್ಗಗಳಿವೆ. ಮೂಲ ವೇತನ ತಿಂಗಳಿಗೆ 16,000 ದಿರ್ಹಮ್ ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಕಂತು ತಿಂಗಳಿಗೆ 5 ದಿರ್ಹಮ್, ಪರಿಹಾರದ ಗರಿಷ್ಠ ಮಿತಿ ತಿಂಗಳಿಗೆ 10,000 ದಿರ್ಹಮ್. ಅದಕ್ಕಿಂತ ಹೆಚ್ಚು ವೇತನದವರಿಗೆ ಕಂತು 10 ದಿರ್ಹಮ್, ಮಿತಿ 20,000 ದಿರ್ಹಮ್. ಕಂತು ಕಟ್ಟುವವನು ನೌಕರನೇ ಹೊರತು ಮಾಲೀಕನಲ್ಲ. ಕೆಲಸ ಹೋದರೆ ಹಿಂದಿನ ಆರು ತಿಂಗಳ ಸರಾಸರಿ ಮೂಲ ವೇತನದ ಶೇ. 60ರಷ್ಟನ್ನು, ಒಂದು ಬಾರಿಗೆ ಹೆಚ್ಚೆಂದರೆ ಮೂರು ತಿಂಗಳು ಕೊಡಲಾಗುತ್ತದೆ. ಯೋಜನೆಗೆ ಸೇರದಿದ್ದರೆ 400 ದಿರ್ಹಮ್ ದಂಡ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಕಂತು ತಪ್ಪಿಸಿದರೆ 200 ದಿರ್ಹಮ್ ದಂಡ.

ಅರ್ಹತೆಯ ಷರತ್ತುಗಳನ್ನು ಗಮನವಿಟ್ಟು ಓದಬೇಕು. ಕನಿಷ್ಠ ಸತತ 12 ತಿಂಗಳು ಕಂತು ಕಟ್ಟಿರಬೇಕು. ತಾನಾಗಿ ರಾಜೀನಾಮೆ ಕೊಟ್ಟವನಿಗೂ ಶಿಸ್ತುಕ್ರಮದಿಂದ ಕೆಲಸ ಕಳೆದುಕೊಂಡವನಿಗೂ ಹಕ್ಕಿಲ್ಲ. ಕೆಲಸ ಮುಗಿದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಕೆಲಸ ಬಿಟ್ಟು ಓಡಿಹೋದನೆಂಬ ದೂರು ಅವನ ಮೇಲೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿದಾರ ಕಾನೂನುಬದ್ಧವಾಗಿ ಆ ದೇಶದಲ್ಲಿಯೇ ಇರಬೇಕು. ಮೂರು ತಿಂಗಳ ಅವಧಿಯಲ್ಲಿ ಹೊಸ ಕೆಲಸಕ್ಕೆ ಸೇರಿದರೂ ದೇಶ ಬಿಟ್ಟರೂ ಪರಿಹಾರದ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಮನೆಗೆಲಸದವರು, ತಾತ್ಕಾಲಿಕ ಗುತ್ತಿಗೆಯವರು, ಬಂಡವಾಳ ಹೂಡಿದ ಮಾಲೀಕರು ಮತ್ತು 18 ವರ್ಷದೊಳಗಿನವರು ಯೋಜನೆಯ ಹೊರಗಿದ್ದಾರೆ. ಅರಬ್ ಮನೆಗಳಲ್ಲಿ ಅಡುಗೆಗೋ ಕಾರು ಓಡಿಸಲಿಕ್ಕೋ ಹೋಗಿರುವ ನಮ್ಮವರಿಗೆ ಈ ವಿಮೆ ಇಲ್ಲ. ಸಂದರ್ಶಕ ವೀಸಾದ ಮೇಲೆ ಹೋಗಿ ಕೆಲಸ ಮಾಡುವವನಿಗಂತೂ ಯಾವ ಹಕ್ಕೂ ಹುಟ್ಟುವುದಿಲ್ಲ.

ಒಂದು ಲೆಕ್ಕ

ಕದ್ರಾದ ಒಬ್ಬ ಫಿಟರ್ ದುಬೈಯ ಒಂದು ಕಂಪನಿಯಲ್ಲಿ ಆರು ವರ್ಷ ದುಡಿದಿದ್ದಾನೆ, ಅವನ ಮೂಲ ವೇತನ 1,500 ದಿರ್ಹಮ್ ಎಂದು ಊಹಿಸೋಣ. ಕಾಮಗಾರಿ ಮುಗಿದು ಕಂಪನಿ ಅವನನ್ನು ಬಿಡಿಸಿತು. ಅವನಿಗೆ ವಿಮೆಯಿಂದ ಬರಬಹುದಾದದ್ದು ತಿಂಗಳಿಗೆ 900 ದಿರ್ಹಮ್, ಮೂರು ತಿಂಗಳಿಗೆ 2,700 ದಿರ್ಹಮ್. ವಿನಿಮಯ ದರವನ್ನು ರೂ. 23 ಎಂದು ಹಿಡಿದರೆ ಇದು ರೂ. 62,100 ಆಗುತ್ತದೆ. ಒಂದು ತಿಂಗಳು ಕಾದು ಊರಿಗೆ ಹೊರಟರೆ ಸಿಗುವುದು ಮೂರನೆಯ ಒಂದು ಪಾಲು. ಅರ್ಜಿಯನ್ನೇ ಹಾಕದೆ ಹೊರಟರೆ ಏನೂ ಇಲ್ಲ.

ಇನ್ನು ಸೇವಾಂತ್ಯದ ಉಪದಾನ. ಅಲ್ಲಿನ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ವರ್ಷಗಳಿಗೆ 30 ದಿನಗಳ ಮೂಲ ವೇತನ ಕೊಡಬೇಕು. ದಿನಕ್ಕೆ 50 ದಿರ್ಹಮ್‌ನಂತೆ ಐದು ವರ್ಷಕ್ಕೆ 5,250, ಆರನೆಯ ವರ್ಷಕ್ಕೆ 1,500, ಒಟ್ಟು 6,750 ದಿರ್ಹಮ್. ಅದೇ ದರದಲ್ಲಿ ರೂ. 1,55,250. ಈ ಹಣವನ್ನು ಕೆಲಸ ಮುಗಿದ 14 ದಿನಗಳೊಳಗೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಇದು ದುಡಿದದ್ದರ ಬಾಕಿಯಾದುದರಿಂದ ದೇಶ ಬಿಟ್ಟ ಮಾತ್ರಕ್ಕೆ ಹಕ್ಕು ನಾಶವಾಗದು. ಆದರೆ ಹೊರಟು ಬಂದ ಮೇಲೆ ವಸೂಲಿ ಮಾಡುವುದು ಕಷ್ಟದ ಕೆಲಸವೆಂಬುದನ್ನು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಿದ್ದರೆ ಎಲ್ಲರೂ ಮೂರು ತಿಂಗಳು ಅಲ್ಲಿಯೇ ಉಳಿಯಬೇಕೇ? ಹಾಗೆ ಹೇಳಲಾಗದು. ದುಬೈಯಲ್ಲಿ ಒಂದು ಮಂಚದ ಬಾಡಿಗೆ, ಊಟ, ಬಸ್ಸು, ಫೋನುಗಳ ಖರ್ಚಿಗೆ 900 ದಿರ್ಹಮ್‌ನಲ್ಲಿ ಬಹುಪಾಲು ಹೋಗುತ್ತದೆ. ವೀಸಾ ರದ್ದಾದ ಮೇಲೆ ಉಳಿಯಲು ಸಿಗುವ ಕಾಲಾವಕಾಶವೂ ವೀಸಾದ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ. ಅವಧಿ ಮೀರಿದರೆ ದಂಡ ಕಟ್ಟಬೇಕು. ಅಲ್ಲಿಯೇ ಮತ್ತೊಂದು ಕೆಲಸ ಹುಡುಕುವ ಮನಸ್ಸಿರುವವನಿಗೆ ಈ ವಿಮೆ ನಿಜವಾದ ಆಸರೆ. ಮರಳಲು ನಿಶ್ಚಯಿಸಿದವನಿಗೆ ಅದರ ಬೆಲೆ ಕಡಿಮೆ. ಅವನು ಉಪದಾನ ಮತ್ತು ಬಾಕಿ ವೇತನ ಕೈಗೆ ಬರುವವರೆಗೆ ಹೇಗೂ ಕಾಯಬೇಕಾದುದರಿಂದ, ಆ ದಿನಗಳಿಗಾದರೂ ಅರ್ಜಿ ಹಾಕುವುದು ಜಾಣತನ. ಲೆಕ್ಕ ಮಾಡಿ ನಿರ್ಧರಿಸಬೇಕು. ಲೆಕ್ಕವೇ ಮಾಡದೆ ಹೊರಡುವುದೇ ನಷ್ಟ.

ಬೇರೆ ದೇಶಗಳಲ್ಲಿ ಹೇಗೆ?

ಗಡಿಯ ನಿಯಮ ಎಲ್ಲೆಡೆ ಒಂದೇ ಬಿಗಿಯಾಗಿಲ್ಲ. ಯುರೋಪಿಯನ್ ಒಕ್ಕೂಟದ 883/2004 ಸಂಖ್ಯೆಯ ನಿಯಮಾವಳಿಯಂತೆ, ಕೆಲಸ ಕಳೆದುಕೊಂಡವನು ತನ್ನ ದೇಶದ ಉದ್ಯೋಗ ಕಚೇರಿಯಲ್ಲಿ ನಾಲ್ಕು ವಾರ ಹೆಸರು ಉಳಿಸಿಕೊಂಡ ಬಳಿಕ ಒಕ್ಕೂಟದ ಮತ್ತೊಂದು ದೇಶಕ್ಕೆ ಕೆಲಸ ಹುಡುಕಲು ಹೋಗಬಹುದು. ಭತ್ಯೆ ಮೂರು ತಿಂಗಳವರೆಗೆ ಅವನ ಹಿಂದೆಯೇ ಬರುತ್ತದೆ. ಈ ಅವಧಿಯನ್ನು ಆರು ತಿಂಗಳಿಗೆ ವಿಸ್ತರಿಸಲೂ ಅವಕಾಶವಿದೆ. ದೇಶ ದೇಶಗಳ ನಡುವೆ ಒಪ್ಪಂದವಿದ್ದರೆ ವಿಮೆಯೂ ಗಡಿ ದಾಟಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಕೆನಡಾದ ನಿಯಮದಲ್ಲಿ ಮಾನವೀಯ ಅಂಶವೊಂದಿದೆ. ಉದ್ಯೋಗ ವಿಮೆ ಪಡೆಯುವವನು ದೇಶದ ಹೊರಗಿದ್ದರೆ ಸಾಮಾನ್ಯವಾಗಿ ಭತ್ಯೆ ಇಲ್ಲ. ಆದರೆ ಹತ್ತಿರದ ಬಂಧುವಿನ ಅಂತ್ಯಕ್ರಿಯೆಗೆ, ತೀವ್ರ ಅಸ್ವಸ್ಥ ಬಂಧುವನ್ನು ನೋಡಲು, ಅಥವಾ ಉದ್ಯೋಗದ ಸಂದರ್ಶನಕ್ಕೆ ಹೋದರೆ ಸತತ ಏಳು ದಿನಗಳವರೆಗೂ, ನಿಜವಾಗಿ ಕೆಲಸ ಹುಡುಕಲು ಹೋದರೆ 14 ದಿನಗಳವರೆಗೂ ಭತ್ಯೆ ನಿಲ್ಲುವುದಿಲ್ಲ. ಊರಲ್ಲಿ ತಾಯಿ ತೀರಿಕೊಂಡರೆ ಮಗ ಬಂದುಹೋಗಲು ಕಾನೂನೇ ಒಂದು ವಾರದ ಕಿಂಡಿಯನ್ನು ತೆರೆದಿಟ್ಟಿದೆ. ಕೊಲ್ಲಿ ದೇಶಗಳ ಯೋಜನೆಗಳಲ್ಲಿಯೂ ಇಂತಹದೊಂದು ವಿನಾಯಿತಿ ಇರಬೇಕೆಂದು ಕೇಳುವುದು ಅತಿಯಾಸೆಯಾಗದು.

ನಮ್ಮ ದೇಶದ ಯೋಜನೆಗಳು

ಈಗ ತಿರುಗಿ ನೋಡೋಣ. ಇಲ್ಲಿ ಕೆಲಸ ಕಳೆದುಕೊಂಡು ಹೊರದೇಶಕ್ಕೆ ಹೊರಟವನ ಸ್ಥಿತಿ ಏನು?

ನೌಕರರ ರಾಜ್ಯ ವಿಮಾ ನಿಗಮವು 2005ರ ಏಪ್ರಿಲ್ 1ರಿಂದ ರಾಜೀವ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನು ಆರಂಭಿಸಿತು. ಕಾರ್ಖಾನೆ ಮುಚ್ಚಿದಾಗ ಅಥವಾ ಕಾರ್ಮಿಕರನ್ನು ತೆಗೆದುಹಾಕಿದಾಗ ಭತ್ಯೆ ನೀಡುವುದು ಅದರ ಉದ್ದೇಶ. 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂದಿತು. ಇದರಲ್ಲಿ ಸರಾಸರಿ ದಿನಗೂಲಿಯ ಶೇ. 25ರಷ್ಟಿದ್ದ ಪರಿಹಾರವನ್ನು 2020ರಲ್ಲಿ ಕೊರೊನಾ ಕಾಲದ ಸಂಕಷ್ಟವನ್ನು ಗಮನಿಸಿ ಶೇ. 50ಕ್ಕೆ ಏರಿಸಲಾಯಿತು. ಅರ್ಜಿಗೆ ಕಾಯಬೇಕಾದ ಅವಧಿಯನ್ನು 90 ದಿನಗಳಿಂದ 30 ದಿನಗಳಿಗೆ ಇಳಿಸಿ, ಮಾಲೀಕನ ಮೂಲಕ ಹೋಗದೆ ಕಾರ್ಮಿಕನೇ ನೇರವಾಗಿ ಅರ್ಜಿ ಸಲ್ಲಿಸಲು ಅವಕಾಶ ನೀಡಲಾಯಿತು. ಜೀವಮಾನದಲ್ಲಿ ಒಟ್ಟು 90 ದಿನಗಳಿಗೆ ಮಾತ್ರ ಈ ಪರಿಹಾರ ಉಂಟು. ಕನಿಷ್ಠ ಎರಡು ವರ್ಷ ವಿಮಾರ್ಹ ಕೆಲಸದಲ್ಲಿದ್ದಿರಬೇಕು. ದುರ್ವರ್ತನೆ, ನಿವೃತ್ತಿ, ಸ್ವಯಂನಿವೃತ್ತಿಗಳಿಂದ ಕೆಲಸ ಹೋಗಿರಬಾರದು. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿರುವುದರಿಂದ ಅರ್ಜಿ ಹಾಕುವ ಮುನ್ನ ಅದು ಊರ್ಜಿತದಲ್ಲಿದೆಯೇ ಎಂದು ವಿಚಾರಿಸುವುದು ಅಗತ್ಯ.

ಸರಾಸರಿ ದಿನಕ್ಕೆ ರೂ. 600 ದುಡಿಯುತ್ತಿದ್ದ ವಿಮೆದಾರನಿಗೆ ದಿನಕ್ಕೆ ರೂ. 300ರಂತೆ 90 ದಿನಗಳಿಗೆ ರೂ. 27,000 ಸಿಗಬಹುದು. ಇದು ಕೇಂದ್ರದ ಯೋಜನೆಯಾದುದರಿಂದ ಗೋವೆಯ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ದುಡಿದ ಕಾರವಾರದ ಕಾರ್ಮಿಕನಿಗೆ ಮಾಜಾಳಿಯ ರಾಜ್ಯ ಗಡಿ ಅಡ್ಡಿಯಾಗುವುದಿಲ್ಲ. ಆದರೆ ಪರಿಹಾರವು 'ನಾನು ನಿರುದ್ಯೋಗಿ' ಎಂಬ ಪ್ರಮಾಣದ ಮೇಲೆ ನಿಂತಿದೆ. ಆ ಅವಧಿಯಲ್ಲಿ ಮಸ್ಕತ್‌ನಲ್ಲಿಯೋ ದೋಹಾದಲ್ಲಿಯೋ ಕೆಲಸಕ್ಕೆ ಸೇರಿದವನು ಅದೇ ದಿನಗಳಿಗೆ ಇಲ್ಲಿ ಪರಿಹಾರ ಪಡೆದರೆ ಸುಳ್ಳು ಪ್ರಮಾಣ ಮಾಡಿದಂತಾಗುತ್ತದೆ.

ರಾಜ್ಯ ಸರಕಾರದ ಯುವನಿಧಿ ಯೋಜನೆಯಲ್ಲಿಯೂ ಇದೇ ಎಚ್ಚರಿಕೆ ಬೇಕು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾ ಪಡೆದವರಿಗೆ ರೂ. 1,500, ಹೆಚ್ಚೆಂದರೆ ಎರಡು ವರ್ಷ ಕೊಡಲಾಗುತ್ತದೆ. ತಾನು ಇನ್ನೂ ನಿರುದ್ಯೋಗಿ, ಉನ್ನತ ವ್ಯಾಸಂಗದಲ್ಲಿಲ್ಲ ಎಂದು ಆಗಾಗ ಸ್ವಯಂ ಘೋಷಣೆ ನೀಡಬೇಕು. ಗೋವೆಯಲ್ಲಿ ಕೆಲಸ ಸಿಕ್ಕಿದರೂ ಕೊಲ್ಲಿಯಲ್ಲಿ ಸಿಕ್ಕಿದರೂ ಅದು ಕೆಲಸವೇ. ಘೋಷಣೆಯನ್ನು ಮನೆಯವರ ಕೈಗೆ ಕೊಟ್ಟು ವಿಮಾನ ಹತ್ತುವುದು ಅಪಾಯಕ್ಕೆ ಆಹ್ವಾನ.

ಇವೆರಡಕ್ಕೂ ವ್ಯತಿರಿಕ್ತವಾಗಿರುವುದು ಭವಿಷ್ಯ ನಿಧಿ. 1952ರ ನೌಕರರ ಭವಿಷ್ಯ ನಿಧಿ ಯೋಜನೆಯ 69ನೇ ಪರಿಚ್ಛೇದವು, ಕೆಲಸ ಬಿಟ್ಟವನು ಪೂರ್ಣ ಹಣ ಪಡೆಯಲು ಎರಡು ತಿಂಗಳು ಕಾಯಬೇಕೆಂದು ಹೇಳಿದರೂ, ಹೊರದೇಶದಲ್ಲಿ ನೆಲೆಸಲು ಅಥವಾ ಉದ್ಯೋಗಕ್ಕಾಗಿ ಹೊರಟವನಿಗೆ ಹೊರಡುವ ಮುನ್ನವೇ ಪೂರ್ಣ ಮೊತ್ತ ಪಡೆಯಲು ಅವಕಾಶ ನೀಡಿತು. ವಿಮೆ ಹೊರಟವನನ್ನು ಬಿಟ್ಟುಬಿಡುತ್ತದೆ, ಉಳಿತಾಯ ಹೊರಟವನ ಕೈಗೆ ಬರುತ್ತದೆ. ಮೇಲೆ ಹೇಳಿದ ಸೂತ್ರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ 2025ರ ಅಕ್ಟೋಬರ್ 13ರಂದು ನಡೆದ ಕೇಂದ್ರೀಯ ಧರ್ಮದರ್ಶಿ ಮಂಡಳಿಯ ಸಭೆಯು, ನಿರುದ್ಯೋಗಿಗೆ ಅಂತಿಮ ಲೆಕ್ಕ ಚುಕ್ತಾ ಮಾಡುವ ಅವಧಿಯನ್ನು ಎರಡು ತಿಂಗಳಿಂದ 12 ತಿಂಗಳಿಗೂ, ಪಿಂಚಣಿ ಹಣ ಹಿಂಪಡೆಯುವ ಅವಧಿಯನ್ನು 36 ತಿಂಗಳಿಗೂ ಏರಿಸಲು ತೀರ್ಮಾನಿಸಿತು. ಶೇ. 75ರಷ್ಟನ್ನು ಕೂಡಲೇ ಪಡೆಯಬಹುದೆಂದೂ ತಿಳಿಸಲಾಯಿತು. 2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳೂ ಜಾರಿಗೆ ಬಂದಿರುವುದರಿಂದ ಹೊರಡುವವರು ಅರ್ಜಿಯ ದಿನದ ನಿಯಮವನ್ನು ಭವಿಷ್ಯ ನಿಧಿ ಕಚೇರಿಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಹತ್ತು ವರ್ಷದ ಸೇವೆ ತುಂಬದವರು ಪಿಂಚಣಿಯ ಹಣವನ್ನು ತೆಗೆದುಕೊಂಡುಬಿಡುವ ಬದಲು ಯೋಜನಾ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ, ಮರಳಿ ಬಂದು ಕೆಲಸಕ್ಕೆ ಸೇರಿದಾಗ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ಸಮುದ್ರದ ಮೇಲೆ ದುಡಿಯುವವರು

ಕಾರವಾರದ ಕರಾವಳಿಯಿಂದ ವ್ಯಾಪಾರಿ ಹಡಗುಗಳಿಗೆ ಹೋಗುವವರು ಈ ಸೂತ್ರಕ್ಕೆ ಒಂದು ಅಪವಾದ. ಅವರ ಕೆಲಸದ ಜಾಗವೇ ಯಾವ ದೇಶಕ್ಕೂ ಸೇರದ ನೀರು. ಹಡಗು ಮುಳುಗಿದರೆ ನಾವಿಕರಿಗೆ ಕೆಲಸವೂ ಮುಳುಗುತ್ತದೆಂಬುದನ್ನು ಮನಗಂಡು 1920ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಒಡಂಬಡಿಕೆಯನ್ನು ರೂಪಿಸಿತು. ಈಗ 2006ರ ಕಡಲ ಕಾರ್ಮಿಕ ಒಡಂಬಡಿಕೆ ಅದನ್ನು ಒಳಗೊಂಡಿದೆ. ಹಡಗು ನಾಶವಾಗಿ ಕೆಲಸ ಹೋದರೆ ಹಡಗಿನ ಮಾಲೀಕನು ನಾವಿಕನಿಗೆ ನಿರುದ್ಯೋಗದ ದಿನಗಳಿಗೆ ಪರಿಹಾರ ಕೊಡಬೇಕು. ಇದನ್ನು ಎರಡು ತಿಂಗಳ ವೇತನಕ್ಕೆ ಮಿತಿಗೊಳಿಸಬಹುದು. ಮಾಲೀಕ ಹಡಗನ್ನೂ ಸಿಬ್ಬಂದಿಯನ್ನೂ ಪರದೇಶದ ಬಂದರಿನಲ್ಲಿ ಕೈಬಿಟ್ಟರೆ, ನಾಲ್ಕು ತಿಂಗಳವರೆಗಿನ ಬಾಕಿ ವೇತನ ಮತ್ತು ಊರಿಗೆ ಮರಳುವ ವೆಚ್ಚಕ್ಕೆ ಹಣಕಾಸಿನ ಭದ್ರತೆ ಇರಬೇಕೆಂಬ ತಿದ್ದುಪಡಿ 2017ರ ಜನವರಿ 18ರಿಂದ ಜಾರಿಯಲ್ಲಿದೆ. ಭಾರತವು 2015ರಲ್ಲಿ ಈ ಒಡಂಬಡಿಕೆಯನ್ನು ಅನುಮೋದಿಸಿತು. ಹೊಣೆ ದೇಶದ ಮೇಲಿರದೆ ಹಡಗಿನ ಮಾಲೀಕನ ಮೇಲಿರುವುದರಿಂದ ಇಲ್ಲಿ ಗಡಿಯ ಪ್ರಶ್ನೆ ಏಳುವುದಿಲ್ಲ. ಹಡಗು ಹತ್ತುವ ಮುನ್ನ ಭದ್ರತಾ ಪ್ರಮಾಣಪತ್ರ ಹಡಗಿನಲ್ಲಿದೆಯೇ ಎಂದು ಕೇಳುವುದು ನಾವಿಕನ ಹಕ್ಕು.

ಮರಳುವವರಿಗಾಗಿ ಒಂದು ನಿಧಿ ಇತ್ತು

ಕೊಲ್ಲಿಯಿಂದ ಮರಳುವವರ ಬದುಕಿಗೆ ಆಸರೆಯಾಗಲೆಂದು ಕೇಂದ್ರ ಸರಕಾರ 2012ರಲ್ಲಿ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆಯನ್ನು ಆರಂಭಿಸಿತ್ತು. ಪಿಂಚಣಿ ಮತ್ತು ಜೀವವಿಮೆಗಳ ಜೊತೆಗೆ 'ಮರಳುವಿಕೆ ಮತ್ತು ಪುನರ್ವಸತಿ' ಉಳಿತಾಯವೂ ಅದರ ಭಾಗವಾಗಿತ್ತು. ಆದರೆ ಸೇರಿದವರ ಸಂಖ್ಯೆ ತೀರಾ ಕಡಿಮೆಯಾದುದರಿಂದ 2017ರಲ್ಲಿ ಅದನ್ನು ನಿಲ್ಲಿಸಲಾಯಿತು. ಪ್ರವಾಸಿ ಭಾರತೀಯ ಬಿಮಾ ಯೋಜನೆಯು ಅಪಘಾತದ ಸಾವು ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ ರೂ. 10 ಲಕ್ಷದ ರಕ್ಷಣೆ ನೀಡುತ್ತದೆ. ಕೆಲಸ ಹೋದದ್ದಕ್ಕೆ ಭತ್ಯೆ ಅದರಲ್ಲಿಲ್ಲ. 2020ರಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ಮರಳಿದವರ ಕೌಶಲ್ಯವನ್ನು ದಾಖಲಿಸಲು 'ಸ್ವದೇಸ್' ಎಂಬ ಪಟ್ಟಿಯನ್ನು ತೆರೆಯಲಾಯಿತು. ಅದು ಕೆಲಸ ಹುಡುಕಲು ನೆರವಾಗುವ ಪಟ್ಟಿಯೇ ಹೊರತು ಪರಿಹಾರವಲ್ಲ. ಯುರೋಪಿನ ಹಲವು ದೇಶಗಳು, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯ, ಕೆನಡಾ ಮುಂತಾದವುಗಳೊಡನೆ ಭಾರತ ಮಾಡಿಕೊಂಡಿರುವ ಸಾಮಾಜಿಕ ಭದ್ರತಾ ಒಪ್ಪಂದಗಳು ಮುಖ್ಯವಾಗಿ ಪಿಂಚಣಿಗೆ ಸಂಬಂಧಿಸಿದವು. ನಮ್ಮವರು ಹೆಚ್ಚಾಗಿ ದುಡಿಯುವ ಕೊಲ್ಲಿ ದೇಶಗಳೊಡನೆ ಅಂತಹ ಒಪ್ಪಂದಗಳಿಲ್ಲ. ಹೀಗಾಗಿ ಅಲ್ಲಿನ ವಿಮೆ ಅಲ್ಲಿ ಮುಗಿಯುತ್ತದೆ, ಇಲ್ಲಿನ ವಿಮೆ ಇಲ್ಲಿ ದುಡಿದವನಿಗೆ ಮಾತ್ರ ಆರಂಭವಾಗುತ್ತದೆ. ನಡುವೆ ವಿಮಾನದಿಂದಿಳಿದು ನಿಂತವನಿಗೆ ಎರಡೂ ಇಲ್ಲ.

ಸದಸ್ಯರು ಮಾಡಬಹುದಾದದ್ದು

ಈ ನಡುವಣ ಖಾಲಿ ಜಾಗವನ್ನು ತುಂಬುವುದು ಸರಕಾರಗಳ ಕೆಲಸ. ಆದರೆ ನಮ್ಮ ಸದಸ್ಯರ ಕೈಯಲ್ಲಿಯೂ ಕೆಲವು ಸಂಗತಿಗಳಿವೆ.

ಮೊದಲನೆಯದಾಗಿ, ಗುತ್ತಿಗೆದಾರರೂ ಕಾರ್ಖಾನೆದಾರರೂ ಕಾರ್ಮಿಕನನ್ನು ಬಿಡಿಸಿದ ಕೂಡಲೇ ಭವಿಷ್ಯ ನಿಧಿ ಹಾಗೂ ರಾಜ್ಯ ವಿಮೆಯ ದಾಖಲೆಗಳಲ್ಲಿ ನಿರ್ಗಮನದ ದಿನಾಂಕ ಮತ್ತು ಕಾರಣವನ್ನು ಸರಿಯಾಗಿ ನಮೂದಿಸಬೇಕು. ಈ ಒಂದು ನಮೂದು ತಡವಾದರೆ ಕಾರ್ಮಿಕನ ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ.

ಎರಡನೆಯದಾಗಿ, ಕೈಗಾರಿಕಾ ಸಂಬಂಧಗಳ ಸಂಹಿತೆಯು ತೆಗೆದುಹಾಕಲ್ಪಟ್ಟ ಪ್ರತಿ ಕಾರ್ಮಿಕನಿಗಾಗಿ ಅವನ 15 ದಿನಗಳ ಕೊನೆಯ ವೇತನಕ್ಕೆ ಸಮನಾದ ಮೊತ್ತವನ್ನು ಮರುಕೌಶಲ್ಯ ನಿಧಿಗೆ ಕಟ್ಟಬೇಕೆಂದು ಮಾಲೀಕನಿಗೆ ವಿಧಿಸಿದೆ. ಇದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಹೋಗಬೇಕಾದ ಹಣ. ಸದಸ್ಯರು ತಮ್ಮ ಲೆಕ್ಕಪತ್ರಗಳಲ್ಲಿ ಇದಕ್ಕೆ ಅವಕಾಶ ಮಾಡಿಕೊಳ್ಳುವುದು ಒಳಿತು.

ಮೂರನೆಯದಾಗಿ, ಹೊರದೇಶಕ್ಕೆ ಹೋಗುವವರಿಗೆ ಟಿಕೆಟ್, ವಿದೇಶೀ ವಿನಿಮಯ, ವೀಸಾ ಸೇವೆ ಒದಗಿಸುವ ಸದಸ್ಯರು ಒಂದು ಪುಟದ ಕನ್ನಡ ಸೂಚನೆಯನ್ನು ಕೈಗಿಡಬಹುದು. ಅದರಲ್ಲಿ ಇಷ್ಟಿದ್ದರೆ ಸಾಕು: ಕೆಲಸಕ್ಕೆ ಸೇರಿದ ಕೂಡಲೇ ವಿಮೆಗೆ ಹೆಸರು ನೋಂದಾಯಿಸಿ, ಕಂತು ತಪ್ಪಿಸಬೇಡಿ. ಕೆಲಸ ಹೋದರೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮುನ್ನ ಓದಿ, ಏಕೆಂದರೆ ಸಹಿಯಾದರೆ ವಿಮೆ ಹೋಗುತ್ತದೆ. ಬಿಡಿಸಿದ ಪತ್ರವನ್ನು ಲಿಖಿತವಾಗಿ ಪಡೆಯಿರಿ. 30 ದಿನಗಳೊಳಗೆ ಅರ್ಜಿ ಹಾಕಿ. ಉಪದಾನ ಹಾಗೂ ಬಾಕಿ ವೇತನ ಬ್ಯಾಂಕಿಗೆ ಬಂದ ಮೇಲೆ ಟಿಕೆಟ್ ತೆಗೆಯಿರಿ.

ನಾಲ್ಕನೆಯದಾಗಿ, ಕೊಲ್ಲಿ ದೇಶಗಳೊಡನೆ ಮುಂದೆ ನಡೆಯುವ ಮಾತುಕತೆಗಳಲ್ಲಿ ಎರಡು ಅಂಶಗಳನ್ನು ಸೇರಿಸುವಂತೆ ವಾಣಿಜ್ಯ ಸಂಸ್ಥೆಗಳು ಕೇಂದ್ರಕ್ಕೆ ಮನವಿ ಸಲ್ಲಿಸಬಹುದು. ಬಂಧುವಿನ ಅಂತ್ಯಕ್ರಿಯೆಗೆ ಊರಿಗೆ ಬಂದುಹೋಗುವವನ ಭತ್ಯೆ ನಿಲ್ಲಬಾರದು ಎಂಬುದು ಒಂದು. ಕಂತು ಕಟ್ಟಿ ಮರಳಿದವನಿಗೆ ಉಳಿದ ಅವಧಿಯ ಒಂದು ಪಾಲಾದರೂ ಊರಿನಲ್ಲಿ ಸಿಗಬೇಕು ಎಂಬುದು ಇನ್ನೊಂದು. ಯುರೋಪಿನಲ್ಲಿ ಇದು ಕಾರ್ಯಸಾಧ್ಯವೆಂದು ಸಿದ್ಧವಾಗಿದೆ.

ಅಣೆಕಟ್ಟು ಕಟ್ಟಿದ ಕೈಗಳು ಕೆಲಸ ಅರಸಿ ದೂರ ಹೋದವು. ಅವು ಬರಿಗೈಯಾಗಿ ಮರಳಬಾರದು. ಆದುದರಿಂದ ಹೊರದೇಶದಲ್ಲಿ ಮಗನ ಕೆಲಸ ಹೋಯಿತೆಂದು ಗ್ರಾಹಕರೊಬ್ಬರು ಅಂಗಡಿಯಲ್ಲಿ ಹೇಳಿಕೊಂಡಾಗ, ಸಾಂತ್ವನದ ಜೊತೆಗೆ ಒಂದು ಮಾತನ್ನೂ ಕೇಳೋಣ: "ಅರ್ಜಿ ಹಾಕಿದ್ದಾನಾ? ಹಾಕಿ ಆಮೇಲೆ ಬರಲಿ."